ಮನೆಯ ಆದಾಯದಲ್ಲಿ ದಾನದ ಪಾಲು ಎಷ್ಟೆಂದು ಲೆಕ್ಕ ಹಾಕುವುದು ಹೇಗೆ?

ಪೆರ್ಲದ ಟೀಚರ್ (ಪ್ರಶ್ನೆ):

ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆ. ಮನೆಯವರು ನಮ್ಮ ಎರಡು ಎಕರೆ ಅಡಿಕೆ ತೋಟವನ್ನು ನೋಡಿಕೊಳ್ಳುತ್ತಾರೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ಗುಡ್ಡ ಜರಿದು ಊರಿಗೆ ಊರೇ ಕೊಚ್ಚಿಹೋದಾಗ, ಕೇರಳ ಸರಕಾರವು ನೌಕರರು ಕನಿಷ್ಠ ಐದು ದಿನಗಳ ಸಂಬಳವನ್ನು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಡಬೇಕೆಂದು ಕೇಳಿಕೊಂಡಿತು. ನಾನು ಒಪ್ಪಿಗೆ ಬರೆದುಕೊಟ್ಟು ಬಂದ ದಿನ ರಾತ್ರಿ ಮನೆಯಲ್ಲಿ ಒಂದು ಮಾತು ಬಂತು. ನಾವು ಈಗಾಗಲೇ ನಮ್ಮ ಶಕ್ತಿಗೆ ಮೀರಿ ಕೊಡುತ್ತಿದ್ದೇವೆ ಎಂಬುದು ಅವರ ಅಭಿಪ್ರಾಯ. ನಿಜವಾಗಿ ಕಷ್ಟದಲ್ಲಿರುವವರಿಗೆ ನಾವು ಕೊಡುವುದು ಬಹಳ ಕಡಿಮೆ ಎಂಬುದು ನನ್ನದು. ಎಷ್ಟು ಕೊಡುತ್ತೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆ ವರ್ಷದ ಏಪ್ರಿಲ್‌ನಿಂದ ಅಲ್ಲಿಯವರೆಗಿನ ರಸೀದಿಗಳನ್ನು ಡ್ರಾಯರಿನಿಂದ ಹುಡುಕಿ ತೆಗೆದು, ನೆನಪಿಗೆ ಬಂದುದನ್ನೆಲ್ಲ ಸೇರಿಸಿ, 2025ರ ಮಾರ್ಚ್ ಕೊನೆಯವರೆಗೂ ಒಂದು ನೋಟುಪುಸ್ತಕದಲ್ಲಿ ಬರೆಯುತ್ತಾ ಹೋದೆ.

ಆದಾಯದ ಕಡೆ ಬರೆದದ್ದು ಹೀಗಿದೆ. ಕಡಿತಗಳೆಲ್ಲ ಕಳೆದು ನನ್ನ ಕೈಗೆ ಬರುವ ಸಂಬಳ ತಿಂಗಳಿಗೆ 52,000 ರೂಪಾಯಿ, ವರ್ಷಕ್ಕೆ 6,24,000. ತೋಟದಿಂದ ಹನ್ನೆರಡು ಕ್ವಿಂಟಾಲ್ ಚಾಲಿ ಅಡಿಕೆ ಸಿಕ್ಕಿತ್ತು. ಕೊಯ್ಲು, ಸುಲಿತ, ಗೊಬ್ಬರ, ಕೊಳೆರೋಗಕ್ಕೆ ಮದ್ದು ಬಿಡಿಸಿದ ಕೂಲಿ ಎಲ್ಲ ಕಳೆದ ಮೇಲೆ ಉಳಿದದ್ದು 2,44,000. ಒಟ್ಟು 8,68,000 ರೂಪಾಯಿ.

ಕೊಟ್ಟದ್ದರ ಕಡೆಗೆ ಬಂದಾಗ ನನಗೆ ತೊಡಕಾಯಿತು. ದೇವಸ್ಥಾನಗಳ ಬ್ರಹ್ಮಕಲಶೋತ್ಸವಗಳಿಗೆಂದು 15,000, ಭಜನಾ ಮಂದಿರ ಮತ್ತು ವಾರ್ಷಿಕ ಉತ್ಸವಗಳ ರಸೀದಿಗಳಿಗೆ 9,500, ಹೊರೆಕಾಣಿಕೆಗೆ ಕಳುಹಿಸಿದ ಅಕ್ಕಿ ಮತ್ತು ತೆಂಗಿನಕಾಯಿಯ ಬೆಲೆ ಸುಮಾರು 3,000, ಕುಟುಂಬದ ಮನೆಯ ಭೂತದ ಕೋಲಕ್ಕೆ ನಮ್ಮ ಪಾಲಿನ ವಂತಿಗೆ 12,000, ಮದುವೆ ಮತ್ತು ಗೃಹಪ್ರವೇಶಗಳ ಮುಯ್ಯಿ 22,000, ನಾದಿನಿಯ ಮಗನ ಕಾಲೇಜು ಶುಲ್ಕಕ್ಕೆ 30,000, ತೋಟದಲ್ಲಿ ದುಡಿಯುವವರ ಮಗಳ ಮದುವೆಗೆ 10,000, ಪರಿಹಾರ ನಿಧಿಗೆ 10,000, ಚಿಕಿತ್ಸೆಗಾಗಿ ನೆರವು ಕೋರಿ ವಾಟ್ಸಾಪ್‌ನಲ್ಲಿ ಬಂದ ಮನವಿಗಳಿಗೆ 8,500, ಶಾಲೆಯ ಮಕ್ಕಳ ಪುಸ್ತಕ ಮತ್ತು ಸಮವಸ್ತ್ರಕ್ಕೆ 6,000, ಮನೆಬಾಗಿಲಿಗೆ ಬಂದವರಿಗೂ ಬಸ್‌ ನಿಲ್ದಾಣದಲ್ಲಿ ಕೈಚಾಚಿದವರಿಗೂ ಕೂಡಿ 2,000.

ಎಲ್ಲವನ್ನೂ ಕೂಡಿದರೆ 1,28,000 ರೂಪಾಯಿ, ಎಂದರೆ ಆದಾಯದ ಶೇ. 14.7. ಮನೆಯವರ ಮಾತೇ ಸರಿಯೆಂದು ಒಪ್ಪಬೇಕಾಯಿತು. ಆದರೆ ಮುಯ್ಯಿ, ಕೋಲದ ವಂತಿಗೆ, ನಾದಿನಿಯ ಮಗನ ಶುಲ್ಕ ಇವು ದಾನವಲ್ಲವೆಂದು ತೆಗೆದುಹಾಕಿದರೆ ಉಳಿಯುವುದು 64,000, ಶೇ. 7.4. ದೇವಸ್ಥಾನ ಮತ್ತು ಮಂದಿರದ ಬಾಬ್ತನ್ನೂ ಬೇರೆಯಾಗಿ ಇಟ್ಟರೆ 36,500, ಶೇ. 4.2. ತೋಟದ ಕೆಲಸದವರಿಗೆ ಕೊಟ್ಟದ್ದು ವರ್ಷವಿಡೀ ನಮಗಾಗಿ ದುಡಿದ ಅವರಿಗೆ ಸಲ್ಲಬೇಕಾದದ್ದೇ ಹೊರತು ದಾನವಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ; ಅದನ್ನೂ ಕಳೆದರೆ ಉಳಿಯುವುದು 26,500 ರೂಪಾಯಿ, ಶೇ. 3 ಮಾತ್ರ. ಒಂದೇ ಮನೆ, ಒಂದೇ ವರ್ಷ, ಒಂದೇ ನೋಟುಪುಸ್ತಕ; ಉತ್ತರ ಮಾತ್ರ ಹದಿನೈದರಿಂದ ಮೂರಕ್ಕೆ ಇಳಿಯುತ್ತದೆ.

ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ಇವುಗಳಲ್ಲಿ ಯಾವುದನ್ನು ದಾನವೆಂದು ಎಣಿಸಬೇಕು? ಒಂದು ವರ್ಷ ಬೆಳೆದು ಇನ್ನೊಂದು ವರ್ಷ ಕೊಳೆತುಹೋಗುವ ಅಡಿಕೆಯ ಆದಾಯವನ್ನು ಯಾವ ಲೆಕ್ಕದಲ್ಲಿ ಹಿಡಿಯಬೇಕು? ನಮ್ಮಂಥ ಮನೆಯೊಂದು ತನ್ನ ಆದಾಯದ ಎಷ್ಟು ಭಾಗವನ್ನು ಕೊಡುವುದು ನ್ಯಾಯವೆನಿಸುತ್ತದೆ?


ಲೆಕ್ಕಪತ್ರ ಬರೆಯುವವನು, ಕಾಸರಗೋಡು:

ಟೀಚರಿಗೆ ನಮಸ್ಕಾರ. ನಾನು ಇಪ್ಪತ್ತು ವರ್ಷಗಳಿಂದ ಇತರರ ಆದಾಯ ತೆರಿಗೆಯ ಲೆಕ್ಕ ಬರೆಯುತ್ತಾ ಬಂದವನು. ನಿಮ್ಮಷ್ಟು ಪ್ರಾಮಾಣಿಕವಾಗಿ ಕೊಟ್ಟದ್ದನ್ನು ಬರೆದಿಟ್ಟ ಮನೆಯನ್ನು ನಾನು ಕಂಡದ್ದು ಕಡಿಮೆ.

ಮೊದಲು ಆದಾಯದ ಪ್ರಶ್ನೆ. ಸಂಬಳಕ್ಕೆ ನೀವು ಹಿಡಿದ ಕ್ರಮ ಸರಿಯಾಗಿದೆ. ತೋಟಕ್ಕೆ ಒಂದು ವರ್ಷದ ಲೆಕ್ಕ ಸಾಲದು. ಕಳೆದ ಮೂರು ವರ್ಷಗಳ ನಿವ್ವಳ ಆದಾಯದ ಸರಾಸರಿಯನ್ನು ತೆಗೆದುಕೊಳ್ಳಿ. ಕಂಪೆನಿಗಳಿಗೂ ಇದೇ ಬಗೆಯ ನಿಯಮವಿದೆ. 2013ರ ಕಂಪೆನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಗಾತ್ರವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಸರಾಸರಿ ಹಿಡಿದರೆ ಫಸಲು ಚೆನ್ನಾಗಿ ಬಂದ ವರ್ಷದಲ್ಲಿ ಕೊಡುವುದು ಒಮ್ಮೆಲೇ ಏರುವುದಿಲ್ಲ, ಕೊಳೆರೋಗ ಬಂದ ವರ್ಷದಲ್ಲಿ ಕೊಡುವುದು ಪೂರ್ತಿ ನಿಂತುಹೋಗುವುದೂ ಇಲ್ಲ.

ಎರಡನೆಯದಾಗಿ, ತೆರಿಗೆಯ ಕಾನೂನು ಯಾವುದನ್ನು ದಾನವೆಂದು ಕಾಣುತ್ತದೆಂಬುದನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ದೇಶದಲ್ಲಿ ಯಾರು ಎಷ್ಟು ಕೊಡುತ್ತಾರೆಂಬ ಚರ್ಚೆಗಳಲ್ಲಿ ಹಲವು ಸಲ ಆ ದಾಖಲೆಗಳನ್ನೇ ಆಧಾರವಾಗಿ ಹಿಡಿಯುತ್ತಾರೆ. ನಿಮ್ಮ ಲೆಕ್ಕದ 2024-25ರ ವರ್ಷಕ್ಕೆ ಅನ್ವಯವಾಗುವ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಲ್ಲಿ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟ ಮೊತ್ತಕ್ಕೆ ಪೂರ್ಣ ವಿನಾಯಿತಿ ಇದೆ. ನೋಂದಾಯಿತ ಧರ್ಮಾರ್ಥ ಸಂಸ್ಥೆಗಳಿಗೆ ಕೊಟ್ಟದ್ದಕ್ಕೆ ಸಾಮಾನ್ಯವಾಗಿ ಅರ್ಧದಷ್ಟು, ಅದೂ ಒಟ್ಟು ಆದಾಯದ ಶೇ. 10ರ ಮಿತಿಯೊಳಗೆ. 2,000 ರೂಪಾಯಿಗೆ ಮೀರಿದ ದಾನವನ್ನು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ವಸ್ತುರೂಪದಲ್ಲಿ ಕೊಟ್ಟ ಅಕ್ಕಿ, ಬಟ್ಟೆ, ತೆಂಗಿನಕಾಯಿಗೂ ಇಲ್ಲ. ದೇವಸ್ಥಾನ, ಮಸೀದಿ, ಇಗರ್ಜಿಗಳ ಜೀರ್ಣೋದ್ಧಾರಕ್ಕೆ ಕೊಟ್ಟದ್ದು, ಕೇಂದ್ರ ಸರಕಾರ ಅಧಿಸೂಚಿಸಿದ ಮಹತ್ವದ ಕ್ಷೇತ್ರವಾದರೆ ಮಾತ್ರ ಸಲ್ಲುತ್ತದೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ 80ಜಿ ವಿನಾಯಿತಿಯೇ ಇಲ್ಲ, ಮತ್ತು 2023-24ರ ಆರ್ಥಿಕ ವರ್ಷದಿಂದ ಹಳೆಯದನ್ನು ಕೇಳಿ ಪಡೆಯದ ಎಲ್ಲರಿಗೂ ಹೊಸ ಪದ್ಧತಿಯೇ ಅನ್ವಯವಾಗುತ್ತದೆ. ನಿಮ್ಮ ಮನೆಯವರ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲದಿರುವುದರಿಂದ ವಿನಾಯಿತಿಯ ಪ್ರಶ್ನೆ ಏಳುವುದಿಲ್ಲ. ಹೀಗಾಗಿ ನೀವು ಕೊಟ್ಟ 1,28,000ದಲ್ಲಿ ತೆರಿಗೆಯ ದಾಖಲೆಯಲ್ಲಿ ಕಾಣಿಸಬಹುದಾದದ್ದು ಪರಿಹಾರ ನಿಧಿಯ 10,000 ಮಾತ್ರ, ಅದೂ ನೀವು ಹಳೆಯ ಪದ್ಧತಿಯಲ್ಲಿದ್ದರೆ.

ಸಮೀಕ್ಷೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಅಶೋಕ ವಿಶ್ವವಿದ್ಯಾಲಯದ ಒಂದು ಅಧ್ಯಯನ ಕೇಂದ್ರವು 2020-21ರ ಅವಧಿಗೆ ಭಾರತದ ಕುಟುಂಬಗಳ ದಾನವನ್ನು ಸುಮಾರು 23,700 ಕೋಟಿ ರೂಪಾಯಿ ಎಂದು ಅಂದಾಜಿಸಿತು, ಅದರಲ್ಲಿ ಹೆಚ್ಚಿನ ಪಾಲು ಧಾರ್ಮಿಕ ಸಂಸ್ಥೆಗಳಿಗೆ ಹೋದದ್ದು, ಧಾರ್ಮಿಕವಲ್ಲದ ಸಂಸ್ಥೆಗಳಿಗೆ ಸಿಕ್ಕಿದ್ದು ಶೇ. 5ರಷ್ಟು. ದೇಶದಲ್ಲಿ ಸುಮಾರು 30 ಕೋಟಿ ಕುಟುಂಬಗಳೆಂದು ಹಿಡಿದರೆ ಇದು ಮನೆಯೊಂದಕ್ಕೆ ವರ್ಷಕ್ಕೆ 800 ರೂಪಾಯಿಗೂ ಕಡಿಮೆಯಾಗುತ್ತದೆ. ನಮ್ಮ ಊರಿನ ಯಾವ ಬಡ ಮನೆಯೂ ಇಷ್ಟು ಕಡಿಮೆ ಕೊಡುವುದನ್ನು ನಾನು ಕಂಡಿಲ್ಲ. ಪ್ರಶ್ನೆ ಕೇಳುವವರು ಮನೆಗೆ ಬಂದಾಗ ಜನರಿಗೆ ರಸೀದಿ ಇರುವುದು ಮಾತ್ರ ನೆನಪಾಗುತ್ತದೆ, ಕೈಯಿಂದ ಕೈಗೆ ಹೋದದ್ದು ನೆನಪಾಗುವುದಿಲ್ಲ ಎಂಬುದು ನನ್ನ ಅನುಭವ. ಅಮೆರಿಕದಲ್ಲಿ ದಶಕಗಳಿಂದ ವ್ಯಕ್ತಿಗಳ ದಾನವು ತೆರಿಗೆ ಕಳೆದುಳಿದ ಆದಾಯದ ಸುಮಾರು ಶೇ. 2ರ ಆಸುಪಾಸಿನಲ್ಲಿಯೇ ನಿಂತಿದೆ. ಅಲ್ಲಿ ಹೆಚ್ಚಿನದು ಸಂಸ್ಥೆಗಳಿಗೆ ಹೋಗುವುದರಿಂದ ಆ ಅಂಕಿ ನಂಬಲರ್ಹ. ಆ ಶೇ. 2ನ್ನೂ ನಿಮ್ಮ ಶೇ. 7.4ನ್ನೂ ಹೋಲಿಸಿ ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ, ಏಕೆಂದರೆ ಎರಡು ಕಡೆಯ ಎಣಿಕೆಯ ವಿಧಾನವೇ ಬೇರೆ.

ಮುಯ್ಯಿಯನ್ನು ತೆಗೆದುಹಾಕಿದ್ದು ಸರಿ. ಉತ್ತರ ಮಲಬಾರಿನಲ್ಲಿ ಕುರಿಕಲ್ಯಾಣ, ಪಣಂಪಯಟ್ಟ್ ಎಂದು ಕರೆಯುವ ಪದ್ಧತಿಯಿದೆ. ಹಣದ ಅಗತ್ಯವಿದ್ದವನು ಚಹಾಕೂಟಕ್ಕೆ ಕರೆಯುತ್ತಾನೆ, ಬಂದವರು ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆಯುತ್ತಾರೆ, ಅವರ ಮನೆಯ ಸರದಿ ಬಂದಾಗ ಅಷ್ಟನ್ನೂ ಅದರ ಮೇಲೆ ಇನ್ನಷ್ಟನ್ನೂ ಸೇರಿಸಿ ಮರಳಿಸುತ್ತಾರೆ. ನಮ್ಮ ಮದುವೆಮನೆಯ ಮುಯ್ಯಿಯೂ ಅದೇ ಕುಲದ್ದು. ಅದು ಬಹಳ ಉಪಯುಕ್ತವಾದ, ಬಡ್ಡಿಯಿಲ್ಲದ ಸಾಲ. ಮರಳಿ ಬರುವ ನಿರೀಕ್ಷೆ ಇರುವುದನ್ನು ದಾನದ ಪುಟದಲ್ಲಿ ಬರೆಯಲಾಗದು.


ಉಪ್ಪಳದ ನಿವಾಸಿ:

ಟೀಚರರ ಪ್ರಶ್ನೆಯನ್ನು ಮನೆಯವಳಿಗೂ ಓದಿ ಹೇಳಿದೆ. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ ನನಗೆ, ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಇಸ್ಲಾಮಿನ ಕಡ್ಡಾಯ ದಾನವಾದ ಝಕಾತ್ ಒಂದು ಸಿದ್ಧ ಉತ್ತರವನ್ನು ಕೊಟ್ಟಿದೆ. ಇಲ್ಲಿ ಅದನ್ನು ವಿವರಿಸುವ ಉದ್ದೇಶವೇನೆಂದರೆ, ಅದು ಆದಾಯದ ಪಾಲಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಒಂದು ಚಾಂದ್ರ ವರ್ಷ ಪೂರ್ತಿ ಖರ್ಚಾಗದೆ ಉಳಿದ ಸಂಪತ್ತಿನ ನಲವತ್ತರಲ್ಲಿ ಒಂದು ಭಾಗ, ಎಂದರೆ ಶೇ. 2.5, ಝಕಾತ್. ಆ ಸಂಪತ್ತು ನಿಸಾಬ್ ಎಂಬ ಮಿತಿಯನ್ನು ದಾಟಿರಬೇಕು; ಸಾಮಾನ್ಯವಾಗಿ ಅದನ್ನು 85 ಗ್ರಾಂ ಚಿನ್ನ ಅಥವಾ 595 ಗ್ರಾಂ ಬೆಳ್ಳಿಯ ಬೆಲೆ ಎಂದು ಎಣಿಸುತ್ತಾರೆ. ವಾಸದ ಮನೆ, ಓಡಾಡುವ ವಾಹನ, ದುಡಿಮೆಯ ಉಪಕರಣಗಳಿಗೆ ಇದು ಅನ್ವಯವಾಗುವುದಿಲ್ಲ. ಧರಿಸುವ ಒಡವೆಯ ವಿಷಯದಲ್ಲಿ ಶಾಫಿ ಮತ್ತು ಹನಫಿ ಪಂಥಗಳಿಗೆ ಭಿನ್ನಾಭಿಪ್ರಾಯವಿದೆ. ಉಪ್ಪಳದಲ್ಲಿ ಎರಡೂ ಪಂಥದವರು ಇರುವುದರಿಂದ ಪ್ರತಿ ರಮದಾನಿನಲ್ಲಿಯೂ ಆ ಚರ್ಚೆ ಕೇಳಿಬರುತ್ತದೆ.

ಈ ವ್ಯತ್ಯಾಸದ ಪರಿಣಾಮವನ್ನು ನೋಡಿ. ತಿಂಗಳಿಗೆ 40,000 ಸಂಪಾದಿಸಿ ಮನೆ ಬಾಡಿಗೆಗೂ ಮಕ್ಕಳ ಓದಿಗೂ ಪೂರ್ತಿ ವ್ಯಯಿಸುವವನು ಝಕಾತ್ ಕೊಡಬೇಕಾಗಿಲ್ಲ. ಈ ವರ್ಷ ಒಂದು ರೂಪಾಯಿಯನ್ನೂ ದುಡಿಯದೆ ಬ್ಯಾಂಕಿನಲ್ಲಿ 40 ಲಕ್ಷ ಇಟ್ಟುಕೊಂಡವನು ಒಂದು ಲಕ್ಷ ಕೊಡಬೇಕು. ನನ್ನ ಈಗಿನ ಸ್ಥಿತಿ ಎರಡನೆಯವನಿಗೆ ಹತ್ತಿರ. ಆದಾಯದ ಶೇಕಡಾವಾರು ಲೆಕ್ಕದಲ್ಲಿ ನನ್ನಂಥವನು ಬಹಳ ದೊಡ್ಡ ದಾನಿಯಾಗಿ ಕಾಣುತ್ತೇನೆ, ಸಂಪತ್ತಿನ ಲೆಕ್ಕದಲ್ಲಿ ಕೇವಲ ಕರ್ತವ್ಯ ಮಾಡಿದವನು. ಟೀಚರರ ನೋಟುಪುಸ್ತಕದಲ್ಲಿ ಉಳಿತಾಯ, ಚಿನ್ನ, ಜಾಗ ಇವುಗಳ ಒಂದು ಪುಟವೂ ಇರಬೇಕಿತ್ತೆಂದು ನನಗೆ ತೋರುತ್ತದೆ. ಕೊಡುವ ಶಕ್ತಿ ಇರುವುದು ಬರುವ ಹಣದಲ್ಲಿ ಮಾತ್ರವಲ್ಲ.

ಇನ್ನು ಯಾವುದನ್ನು ಎಣಿಸಬೇಕೆಂಬ ಪ್ರಶ್ನೆ. ಝಕಾತನ್ನು ಪಡೆಯಬಲ್ಲವರು ಎಂಟು ವರ್ಗದವರೆಂದು ಕುರ್‌ಆನ್ ನಿಗದಿಪಡಿಸಿದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಸಿಲುಕಿದವರು, ದಾರಿಯಲ್ಲಿ ಕೈಬರಿದಾದ ಪ್ರಯಾಣಿಕರು ಅವರಲ್ಲಿ ಸೇರಿದ್ದಾರೆ. ಮಸೀದಿಯ ಕಟ್ಟಡಕ್ಕೆ ಝಕಾತ್ ಸಲ್ಲದೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಮಸೀದಿಗೆ ಕೊಡುವುದು ಪುಣ್ಯಕಾರ್ಯವೇ ಆದರೂ ಅದನ್ನು ಬೇರೆ ಹಣದಿಂದ ಕೊಡಬೇಕು. ತಂದೆತಾಯಿಗೆ, ಹೆಂಡತಿ ಮಕ್ಕಳಿಗೆ ಕೊಟ್ಟದ್ದು ಝಕಾತ್ ಆಗದು, ಏಕೆಂದರೆ ಅವರನ್ನು ಸಲಹುವುದು ಮೊದಲೇ ನಮ್ಮ ಹೊಣೆ. ಆದರೆ ಅಗತ್ಯದಲ್ಲಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಅವರ ಮಕ್ಕಳಿಗೆ ಕೊಡಬಹುದು. ದಾನವೂ ಆಯಿತು, ಸಂಬಂಧವನ್ನು ಉಳಿಸಿಕೊಂಡದ್ದೂ ಆಯಿತು ಎಂದು ಅದಕ್ಕೆ ಎರಡು ಪಟ್ಟು ಪುಣ್ಯವೆಂದು ಹೇಳುತ್ತಾರೆ. ಆ ಮಾನದಂಡದಿಂದ ನೋಡಿದರೆ ನಾದಿನಿಯ ಮಗನಿಗೆ ಕೊಟ್ಟ 30,000 ರೂಪಾಯಿಯನ್ನು, ಅವನ ಮನೆಯಲ್ಲಿ ನಿಜವಾಗಿ ತೊಂದರೆ ಇರುವುದಾದರೆ, ನೀವು ಪಟ್ಟಿಯಿಂದ ತೆಗೆಯಬೇಕಾಗಿರಲಿಲ್ಲ.


ಜೀರ್ಣೋದ್ಧಾರ ಸಮಿತಿಯ ಸದಸ್ಯ, ನೀರ್ಚಾಲು:

ಹಲವು ವರ್ಷಗಳಿಂದ ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗುವವರಲ್ಲಿ ನಾನೂ ಒಬ್ಬ. ದೇವಸ್ಥಾನಕ್ಕೆ ಕೊಟ್ಟದ್ದನ್ನು ಸುಲಭವಾಗಿ ಬದಿಗಿಡಬಾರದೆಂದು ಹೇಳಲು ಬರೆಯುತ್ತಿದ್ದೇನೆ. 2025ರಲ್ಲಿ ಮಧೂರು ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವವೂ ಮೂಡಪ್ಪ ಸೇವೆಯೂ ನಡೆದಾಗ ಹೊರೆಕಾಣಿಕೆಯ ಅಕ್ಕಿ, ತರಕಾರಿ, ತೆಂಗಿನಕಾಯಿ ಅಡುಗೆಮನೆಯನ್ನು ಸೇರಿದ್ದನ್ನೂ ಊಟಕ್ಕೆ ಕುಳಿತವರ ಸಾಲನ್ನೂ ಕಂಡವರಿಗೆ, ಆ ಕಾಣಿಕೆ ಎಲ್ಲಿಗೆ ಹೋಯಿತೆಂದು ವಿವರಿಸಬೇಕಾಗಿಲ್ಲ. ಅನ್ನದಾನಕ್ಕೆ ಹೋದ ಹಣ ಹಸಿದವರನ್ನೇ ತಲುಪಿದೆ.

ಆದರೂ ಒಂದು ವಿಂಗಡಣೆ ಅಗತ್ಯವೆಂದು ನನಗೂ ಅನಿಸುತ್ತದೆ. ಭಾಗವತದಲ್ಲಿ ಬಲಿಯು ವಾಮನನಿಗೆ ಮೂರಡಿ ನೆಲವನ್ನು ಕೊಡಲು ಹೊರಟಾಗ ಶುಕ್ರಾಚಾರ್ಯರು ತಡೆದು ಹೇಳುವ ಮಾತೊಂದಿದೆ: ಸಂಪತ್ತನ್ನು ಧರ್ಮಕ್ಕೆ, ಯಶಸ್ಸಿಗೆ, ಮತ್ತೆ ಸಂಪಾದಿಸುವುದಕ್ಕೆ, ಭೋಗಕ್ಕೆ, ತನ್ನವರಿಗೆ ಎಂದು ಐದಾಗಿ ವಿಂಗಡಿಸುವವನು ಸುಖವಾಗಿರುತ್ತಾನೆ. ಸಮಪಾಲು ಎಂದು ಅಲ್ಲಿ ಹೇಳಿಲ್ಲ. ಗಮನಿಸಬೇಕಾದದ್ದು, ಧರ್ಮ ಮತ್ತು ಯಶಸ್ಸು ಬೇರೆ ಬೇರೆ ಪಾಲುಗಳೆಂಬುದು. ಮುಖಮಂಟಪದ ಕಲ್ಲಿನಲ್ಲಿ ಹೆಸರು ಕೆತ್ತಿಸಬೇಕೆಂಬ ಷರತ್ತಿನಿಂದ ಬಂದ ಹಣವನ್ನು ನಾವು ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ, ಆದರೆ ಕೊಟ್ಟವರು ತಮ್ಮ ಮನೆಯ ಪುಸ್ತಕದಲ್ಲಿ ಅದನ್ನು ಎರಡನೆಯ ಪಾಲಿಗೆ ಬರೆದುಕೊಳ್ಳುವುದು ಯೋಗ್ಯ. ಕುಟುಂಬದ ಕೋಲ ಮತ್ತು ಬಂಧುಗಳ ಶುಲ್ಕ ತನ್ನವರ ಪಾಲಿಗೆ ಸೇರುತ್ತವೆ. ಈ ವಿಷಯದಲ್ಲಿ ಉಪ್ಪಳದ ಹಿರಿಯರ ಅಭಿಪ್ರಾಯಕ್ಕೂ ನನ್ನದಕ್ಕೂ ವ್ಯತ್ಯಾಸವಿದೆ.


ಎಣ್ಮಕಜೆಯ ಕುಟುಂಬಶ್ರೀ ಸದಸ್ಯೆ:

ಟೀಚರ್, ನಿಮ್ಮ ಶಾಲೆಯಲ್ಲಿ ನನ್ನ ಮಗಳು ಓದಿದ್ದಾಳೆಯೋ ಏನೋ ಗೊತ್ತಿಲ್ಲ, ಆದರೆ ನಿಮ್ಮ ಊರಿನವಳೇ ನಾನು. ಇಲ್ಲಿ ಬರೆದವರೆಲ್ಲ ಕೊಡುವವರ ಕಡೆಯಿಂದ ಬರೆದಿದ್ದಾರೆ. ನಾನು ಕೊಡುವವಳೂ ಹೌದು, ಪಡೆದವಳೂ ಹೌದು; ಎರಡನ್ನೂ ಹೇಳುತ್ತೇನೆ.

ನನ್ನ ಗಂಡ ಅಡಿಕೆ ಕೊಯ್ಯುವವರು. 2019ರ ಮಳೆಗಾಲ ಮುಗಿಯುವ ಹೊತ್ತಿಗೆ ಮರದಿಂದ ಬಿದ್ದು ಸೊಂಟದ ಎಲುಬು ಮುರಿಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಐದು ವಾರ ಇರಬೇಕಾಯಿತು. ನಮ್ಮ ದಾರಿಯಲ್ಲಿ ಓಡುವ ಎರಡು ಖಾಸಗಿ ಬಸ್ಸುಗಳು ಒಂದು ದಿನ ಕಾರುಣ್ಯ ಯಾತ್ರೆ ನಡೆಸಿದವು. ಆ ದಿನ ಟಿಕೆಟ್ ಇರಲಿಲ್ಲ. ಕಂಡಕ್ಟರ್ ಬಕೆಟ್ ಹಿಡಿದು ಬರುತ್ತಿದ್ದರು, ಪ್ರಯಾಣಿಕರು ತಮ್ಮಿಂದಾದಷ್ಟನ್ನು ಹಾಕುತ್ತಿದ್ದರು. ಚಾಲಕರೂ ಕಂಡಕ್ಟರರೂ ಆ ದಿನದ ಕೂಲಿಯನ್ನು ತೆಗೆದುಕೊಳ್ಳಲಿಲ್ಲ, ಮಾಲೀಕರು ಡೀಸೆಲಿನ ಹಣವನ್ನೂ ಕಳೆಯಲಿಲ್ಲ. ಸಂಜೆ ಎಣಿಸಿದಾಗ 71,000 ರೂಪಾಯಿ ಇತ್ತು. ಹತ್ತು ಮತ್ತು ಇಪ್ಪತ್ತರ ನೋಟುಗಳೇ ಹೆಚ್ಚು. ಅದನ್ನು ಹಾಕಿದವರಲ್ಲಿ ಯಾರೂ ತಮ್ಮ ದಾನದ ಪಟ್ಟಿಯಲ್ಲಿ ಅದನ್ನು ಬರೆದಿರಲಾರರು, ಯಾವ ಸಮೀಕ್ಷೆಯವರಿಗೂ ಹೇಳಿರಲಾರರು. ಇಂದಿಗೂ ಕಾರುಣ್ಯ ಯಾತ್ರೆಯ ಬಸ್ಸು ಬಂದರೆ ನಾನು ಹೋಗಬೇಕಾದ ಜಾಗಕ್ಕೆ ಟಿಕೆಟಿನ ಎರಡು ಪಟ್ಟು ಹಾಕಿ ಇಳಿಯುತ್ತೇನೆ.

ಈಗ ನಮ್ಮ ಮನೆಯ ಆದಾಯ ಸರಾಸರಿ ತಿಂಗಳಿಗೆ 15,000 ರೂಪಾಯಿ. ಟೀಚರರ ಪ್ರಶ್ನೆಯನ್ನು ಓದಿದ ಮೇಲೆ ನಾನೂ ಕೂಡಿಸಿ ನೋಡಿದೆ. ಬಸ್ಸಿಗೆ, ಕುಟುಂಬಶ್ರೀಯ ನೆರೆಹೊರೆಯ ಹೆಂಗಸರ ಗುಂಪಾದ ಅಯಲ್ಕೂಟದಲ್ಲಿ ಯಾರಿಗಾದರೂ ಕಷ್ಟ ಬಂದಾಗ ಎತ್ತುವ ಇಪ್ಪತ್ತು ಐವತ್ತಕ್ಕೆ, ಭಜನಾ ಮಂದಿರಕ್ಕೆ, ಸಾವಿನ ಮನೆಗೆ ಒಯ್ಯುವ ಅಕ್ಕಿಗೆ ಎಲ್ಲ ಸೇರಿ ತಿಂಗಳಿಗೆ 600 ರೂಪಾಯಿ ಹೋಗುತ್ತದೆ. ಶೇ. 4. ಟೀಚರರ ಮನೆಯ ಕಟ್ಟುನಿಟ್ಟಿನ ಲೆಕ್ಕಕ್ಕಿಂತ ಒಂದು ಹೆಚ್ಚೇ ಆಯಿತು. ಆದರೆ ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. 600 ರೂಪಾಯಿ ಎಂದರೆ ನಮಗೆ ಒಂದು ಗ್ಯಾಸ್ ಸಿಲಿಂಡರಿನ ಬೆಲೆಯ ಅರ್ಧಕ್ಕೂ ಹೆಚ್ಚು ಹಣ. ಕೆಲವು ತಿಂಗಳು ಆ ಹಣವನ್ನು ಗಂಡನ ಮಾತ್ರೆಯಿಂದ ಉಳಿಸಬೇಕಾಗುತ್ತದೆ. ಬಡವರು ಹೆಚ್ಚು ಪಾಲು ಕೊಡುತ್ತಾರೆಂದು ಹೊಗಳುವವರು ಇದನ್ನೂ ನೋಡಬೇಕು. ನಾವು ಕೊಡುವುದು ನಾಳೆ ನಮಗೆ ಬೇಕಾದಾಗ ಕೊಡುವವರು ಇರಲಿ ಎಂಬ ಕಾರಣದಿಂದಲೂ ಹೌದು. ನಮಗೆ ಬೇರೆ ವಿಮೆ ಇಲ್ಲ.

ಅತ್ತೆಯವರು ಬದುಕಿದ್ದಾಗ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅದನ್ನು ನಾನು ಮುಂದುವರಿಸಿದ್ದೇನೆ. ಅಳೆದು ನೋಡಿದ್ದೇನೆ, ನನ್ನ ಹಿಡಿಯಲ್ಲಿ ಸುಮಾರು 50 ಗ್ರಾಂ ಕುಚ್ಚಿಲಕ್ಕಿ ಹಿಡಿಯುತ್ತದೆ. ದಿನಕ್ಕೆ ಒಂದು ಹಿಡಿಯಂತೆ ವರ್ಷಕ್ಕೆ 18 ಕಿಲೋ, ಕಿಲೋಗೆ 50 ರೂಪಾಯಿಯಂತೆ 900 ರೂಪಾಯಿ, ನಮ್ಮ ಆದಾಯದ ಅರ್ಧ ಶೇಕಡ. ಮೇಲೆ ಹೇಳಿದ 600ರಲ್ಲಿ ಇದು ಸೇರಿದೆ. ಉಳಿದ ದುಡ್ಡು ಕೊಡುವಾಗ ಪ್ರತಿ ಸಲವೂ ಲೆಕ್ಕ ಹಾಕಬೇಕಾಗುತ್ತದೆ; ಈ ಅಕ್ಕಿ ಹೋದದ್ದು ಮಾತ್ರ ನಮಗೆ ತಿಳಿಯುವುದೇ ಇಲ್ಲ, ಏಕೆಂದರೆ ಅದನ್ನು ಅಡುಗೆಗೆ ಮೊದಲೇ ತೆಗೆದಿಟ್ಟಿರುತ್ತೇವೆ.


ಪಾಲಿಯೇಟಿವ್ ಸ್ವಯಂಸೇವಕ, ಮುಳ್ಳೇರಿಯ:

ಅಕ್ಕನವರು ಹೇಳಿದ ಹಿಡಿಯಕ್ಕಿಯ ಬಲವನ್ನು ಮಿಜೋರಾಮಿನಲ್ಲಿ ನೋಡಬೇಕು. ಅಲ್ಲಿನ ಕ್ರೈಸ್ತ ಮಹಿಳೆಯರು ನೂರು ವರ್ಷಗಳಿಗಿಂತಲೂ ಹಿಂದಿನಿಂದ ಪ್ರತಿ ಸಲದ ಅಡುಗೆಗೂ ಮೊದಲು ಒಂದು ಹಿಡಿ ಅಕ್ಕಿಯನ್ನು ಇಗರ್ಜಿಗಾಗಿ ತೆಗೆದಿಡುತ್ತಾರೆ. ಅದನ್ನು ಕೂಡಿಸಿ ಮಾರಿದ ಹಣ ಇಂದು ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿದೆ. ಹಾಸಿಗೆ ಹಿಡಿದವರ ಆರೈಕೆ ಮಾಡುವ ನಮ್ಮ ಮಲಬಾರಿನ ಪಾಲಿಯೇಟಿವ್ ಸಂಘಗಳೂ ಅಂಗಡಿಗಳಲ್ಲಿ ಇಟ್ಟ ಸಣ್ಣ ಡಬ್ಬಿಗಳ ಹಣದಿಂದಲೇ ಬೆಳೆದವು, ಆಮೇಲೆ 2008ರಲ್ಲಿ ಕೇರಳ ಸರಕಾರ ಈ ಆರೈಕೆಗಾಗಿ ನೀತಿಯೊಂದನ್ನು ರೂಪಿಸಿತು.

ಟೀಚರರ ಪಟ್ಟಿಯನ್ನು ಎರಡು ಸಲ ಓದಿದಾಗ ನನಗೆ ಕಂಡದ್ದು ಬೇರೆಯೇ ಒಂದು ಸಂಗತಿ. ಅದರಲ್ಲಿರುವ ಬಹುತೇಕ ಎಲ್ಲ ಬಾಬ್ತುಗಳೂ ಯಾರೋ ಕೇಳಿದ್ದರಿಂದ ಕೊಟ್ಟವು. ರಸೀದಿ ಪುಸ್ತಕದೊಡನೆ ಬಂದರು, ಮದುವೆಯ ಕಾಗದ ತಂದರು, ಮೊಬೈಲಿಗೆ ಮನವಿ ಕಳುಹಿಸಿದರು, ಸರಕಾರ ಕೇಳಿತು. ಕೇಳಲು ಬರಲಾಗದವರ ಹೆಸರು ಅದರಲ್ಲಿ ಇಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಿದ ನಮ್ಮ ಪಂಚಾಯತುಗಳಲ್ಲಿ, ಹಾಸಿಗೆಯಿಂದ ಏಳದ ಮಗನನ್ನೋ ಮಗಳನ್ನೋ ಇಪ್ಪತ್ತೈದು ಮೂವತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವ ತಾಯಂದಿರ ಮನೆಗೆ ನಾನು ವಾರಕ್ಕೊಮ್ಮೆ ಹೋಗುತ್ತೇನೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಆದೇಶಿಸಿತು. ಅದು ಅವರ ಹಕ್ಕು, ಯಾರ ದಾನವೂ ಅಲ್ಲ, ಮತ್ತು ದಾನವು ಆ ಹಕ್ಕಿನ ಸ್ಥಾನದಲ್ಲಿ ನಿಲ್ಲಬಾರದು. ಆದರೆ ಆ ತಾಯಿಗೆ ದಿನನಿತ್ಯ ಇರುವ ಕೊರತೆ ಇನ್ನೊಂದು. ಮಗುವನ್ನು ಬಿಟ್ಟು ಕೂಲಿಗೆ ಹೋಗಲಾರರು, ಪೇಟೆಗೆ ಹೋಗಲಾರರು, ಒಂದು ಮದುವೆಗೂ ಹೋಗಲಾರರು. ರಸೀದಿ ಪುಸ್ತಕವನ್ನು ಅಚ್ಚು ಹಾಕಿಸಿ ನಿಮ್ಮ ಮನೆಗೆ ಬರುವುದು ಅವರಿಂದ ಆಗುವ ಕೆಲಸವಲ್ಲ.

ಬದಿಯಡ್ಕ ಸಮೀಪದ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರು 2022ರ ಜನವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ 250ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿಸಿ ಕೊಟ್ಟಿದ್ದರು. ಯಾವ ಜಾತಿ, ಯಾವ ಮತ ಎಂದು ಅವರು ನೋಡಲಿಲ್ಲ. ಯಾರಿಗೆ ಸೂರಿಲ್ಲ ಎಂಬುದನ್ನು ನೋಡಿದರು. ಅವರ ಆದಾಯದ ಎಷ್ಟು ಪಾಲು ಅದಕ್ಕೆ ಹೋಯಿತೆಂದು ನಾವು ಯಾರೂ ಕೇಳಿಲ್ಲ. ಶೇಕಡಾವಾರು ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಬೇಕು. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಿ: ಇದರಲ್ಲಿ ನಾವಾಗಿ ಹುಡುಕಿಕೊಂಡು ಹೋಗಿ ಕೊಟ್ಟದ್ದು ಎಷ್ಟು?


ಪೆರ್ಲದ ಟೀಚರ್ (ಮರುಬರಹ):

ಉತ್ತರ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮುಳ್ಳೇರಿಯದವರು ಹೇಳಿದ ಅಂಕಣವನ್ನು ಹಾಕಿ ನೋಡಿದೆ. ನಾವಾಗಿ ಹುಡುಕಿಕೊಂಡು ಹೋಗಿ ಕೊಟ್ಟದ್ದು ಶಾಲೆಯ ಮಕ್ಕಳಿಗೆ ಕೊಟ್ಟ 6,000 ರೂಪಾಯಿ ಮಾತ್ರ; ಅದೂ ಆ ಮಕ್ಕಳು ದಿನವೂ ನನ್ನ ಕಣ್ಣೆದುರಿಗೆ ಇರುವುದರಿಂದ. ಆದಾಯದ ಒಂದು ಶೇಕಡಕ್ಕೂ ಕಡಿಮೆ. ಈ ಅಂಕಿಯನ್ನು ಮನೆಯವರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಸ್ವರ್ಗ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಅಂಥ ಒಂದು ಮನೆ ಇರುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಲೆಕ್ಕಪತ್ರದವರು ಹೇಳಿದಂತೆ ಮೂರು ವರ್ಷಗಳ ಸರಾಸರಿ ತೆಗೆದೆವು. ಕೊಳೆರೋಗ ಬಂದ ವರ್ಷ ತೋಟದಿಂದ ಉಳಿದದ್ದು 1,10,000, ಅದರ ಮುಂದಿನ ವರ್ಷ 1,86,000, ಕಳೆದ ವರ್ಷ 2,44,000, ಸರಾಸರಿ 1,80,000. ಸಂಬಳವನ್ನು ಸೇರಿಸಿದರೆ 8,04,000. ದೇವಸ್ಥಾನ, ಕೋಲ, ಮುಯ್ಯಿ, ಬಂಧುಗಳು ಇವುಗಳನ್ನೆಲ್ಲ ಈಗಿರುವಂತೆಯೇ ಬೇರೆ ಪುಟಗಳಲ್ಲಿ ಇಟ್ಟು, ಇವು ಯಾವುದಕ್ಕೂ ಸೇರದ, ಅಗತ್ಯದಲ್ಲಿರುವವರಿಗೆ ಮಾತ್ರ ಸಲ್ಲುವ ಪಾಲು ಶೇ. 5 ಇರಲಿ ಎಂದು ನಿಶ್ಚಯಿಸಿದ್ದೇವೆ. ಅದು 40,200 ರೂಪಾಯಿ. ಹಿಡಿಯಕ್ಕಿಯ ಕ್ರಮದಲ್ಲಿ ಸಂಬಳ ಬಂದ ದಿನವೇ ತಿಂಗಳಿಗೆ 2,500ರಂತೆ ತೆಗೆದಿಡಲು ಸಹಕಾರಿ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದಿದ್ದೇನೆ. ಉಳಿದ 10,200 ಅಡಿಕೆ ಮಾರಿದ ದಿನ ಮನೆಯವರು ಹಾಕುತ್ತಾರೆ. ಶೇ. 5 ಎಂಬುದಕ್ಕೆ ಶಾಸ್ತ್ರದ ಆಧಾರವೇನೂ ಇಲ್ಲ. ಕೂಲಿ ಮಾಡುವ ಮನೆಯವರು ತಮ್ಮ ಔಷಧಿಯ ಹಣದಿಂದ ಶೇ. 4 ಕೊಡುತ್ತಿರುವಾಗ ಅದಕ್ಕಿಂತ ಕಡಿಮೆ ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ. ಉಪ್ಪಳದ ಹಿರಿಯರು ಹೇಳಿದ ಉಳಿತಾಯ ಮತ್ತು ಚಿನ್ನದ ಪುಟವನ್ನು ಇನ್ನೂ ಬರೆದಿಲ್ಲ. ಅದನ್ನು ಬರೆದ ಮೇಲೆ ಈ ಅಂಕಿ ಹೆಚ್ಚಾಗಬೇಕಾದೀತು.

ಕಳೆದ ಎರಡು ಶನಿವಾರ ನಾನು ಆ ಮನೆಗೆ ಹೋಗಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹುಡುಗಿಯ ಬಳಿ ಕುಳಿತಿದ್ದೆ. ಅವಳ ತಾಯಿ ಮೊದಲ ಶನಿವಾರ ರೇಷನ್ ಅಂಗಡಿಗೂ ಸರಕಾರಿ ಅರ್ಜಿಗಳನ್ನು ಹಾಕುವ ಅಕ್ಷಯ ಕೇಂದ್ರಕ್ಕೂ ಹೋಗಿ ಬಂದರು. ಎರಡನೆಯ ಶನಿವಾರ ಎಲ್ಲಿಗೂ ಹೋಗದೆ ಒಳಗಿನ ಕೋಣೆಯಲ್ಲಿ ನಿದ್ದೆ ಮಾಡಿದರು.

ನಾದಿನಿಯ ಮಗನ ಹಣ ಯಾವ ಪುಟಕ್ಕೆ ಸೇರಬೇಕೆಂಬ ಬಗ್ಗೆ ಇಲ್ಲಿಯೂ ನಮ್ಮ ಮನೆಯಲ್ಲಿಯೂ ಒಮ್ಮತ ಬಾರದಿದ್ದುದರಿಂದ ಅವನನ್ನೇ ಕೇಳಿದೆವು. ಕೆಲಸಕ್ಕೆ ಸೇರಿದ ಮೇಲೆ ತೀರಿಸಬೇಕೆಂದು ಅವನು ಪಡೆದ ದಿನವೇ ತನ್ನ ಡೈರಿಯಲ್ಲಿ ಬರೆದಿಟ್ಟಿದ್ದನಂತೆ. ಆ 30,000 ರೂಪಾಯಿ ಈಗ ಕೈಗಡದ ಪುಟದಲ್ಲಿದೆ.